ಹಳೆ ಕಾರಿನ ಕಿಟಕಿ ಹ್ಯಾಂಡಲ್, ಡೋರ್ ಹ್ಯಾಂಡಲ್ ಬಿಚ್ಚಲು ಯಾವ ದಾರಿ ಸರಿ?

ಹಳೆ ಕಾರಿನ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ತೆಗೆಯಬೇಕಾಗಿದೆ ಅಂದುಕೊಳ್ಳಿ. ಗ್ಲಾಸ್ ಅರ್ಧಕ್ಕೆ ನಿಂತಿರಬಹುದು, ಲಾಕ್ ಕೈಕೊಟ್ಟಿರಬಹುದು, ಪ್ಯಾಡ್‌ನ ರೆಕ್ಸಿನ್ ಹರಿದಿರಬಹುದು. ಕಾರಣ ಏನೇ ಇರಲಿ, ಮೊದಲು ಅಡ್ಡ ಬರುವುದು ಒಳಗಿನ ಎರಡು ಹ್ಯಾಂಡಲ್. ಒಂದು ಗ್ಲಾಸ್ ಏರಿಸಿ ಇಳಿಸುವುದು, ಇನ್ನೊಂದು ಬಾಗಿಲು ತೆಗೆಯುವುದು. ಎಷ್ಟೋ ಕಾರುಗಳಲ್ಲಿ ಇವನ್ನು ಹಿಡಿದಿಟ್ಟಿರುವ ಸ್ಕ್ರೂ ಹೊರಗೆ ಕಾಣುವುದೇ ಇಲ್ಲ. ಆಗ ಕೈ ತಾನಾಗಿ ಚಪ್ಪಟೆ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಹ್ಯಾಂಡಲ್ ಹಿಂದೆ ತೂರಿಸಿ ಮೀಟೋಣ ಅನ್ನಿಸುತ್ತದೆ.

ದಯವಿಟ್ಟು ಬೇಡ. ಮೀಟಿದ ಹ್ಯಾಂಡಲ್ ಬುಡವನ್ನು ಹತ್ತಿರದಿಂದ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಕ್ರೋಮ್ ಮೇಲೆ ಉದ್ದಕ್ಕೆ ಬಿಳಿ ಗೀರು. ಅದರ ಕೆಳಗಿನ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಬಿರುಕು. ರೆಕ್ಸಿನ್ ಮೇಲೆ, ಸ್ಕ್ರೂಡ್ರೈವರ್ ಊರಿದ ಜಾಗದಲ್ಲಿ, ಅರ್ಧಚಂದ್ರದ ಹಾಗೆ ಒಂದು ತಗ್ಗು. ಆ ತಗ್ಗು ಮತ್ತೆ ಮೇಲೆ ಬರುವುದಿಲ್ಲ. ಹಳೆ ಹ್ಯಾಂಡಲ್‌ಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದವು. ನೋಡಲು ಗಟ್ಟಿ, ಆದರೆ ಬಾಗುವುದಿಲ್ಲ, ಮುರಿಯುತ್ತವೆ. ವರ್ಷ ಕಳೆದಷ್ಟೂ ಪೆಡಸಾಗುತ್ತವೆ.

ಬಿಚ್ಚಲು ಬೇರೆ ಬೇರೆ ವಿಧಾನಗಳಿವೆ, ಅದಕ್ಕೆ ತಕ್ಕ ಟೂಲ್‌ಗಳೂ ಇವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಒಂದೇ: ನಿಮ್ಮ ಹ್ಯಾಂಡಲ್ ಅನ್ನು ಏನು ಹಿಡಿದುಕೊಂಡಿದೆ ಅಂತ ಮೊದಲು ನೋಡಿ. ಟೂಲ್ ಮಾತು ಆಮೇಲೆ.

ಏನು ಹಿಡಿದುಕೊಂಡಿದೆ ಅಂತ ತಿಳಿಯುವುದು ಹೇಗೆ

ಇದಕ್ಕೆ ಬೇಕಾಗಿರುವುದು ಒಂದು ಟಾರ್ಚ್, ಐದು ನಿಮಿಷ ಸಮಾಧಾನ. ಹ್ಯಾಂಡಲ್ ಬುಡದ ಮುಖವನ್ನು ಮೊದಲು ನೋಡಿ. ನಡುವೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದೆಯಾ? ತೋಳಿನ ಉದ್ದಕ್ಕೂ ಬೇರೆ ಬಣ್ಣದ ಪಟ್ಟಿ ಕೂತಿದೆಯಾ? ಇದ್ದರೆ ಅದರ ಕೆಳಗೆ ಸ್ಕ್ರೂ ಇರುವ ಸಾಧ್ಯತೆ ಜಾಸ್ತಿ. ಮುಖದಲ್ಲಿ ಏನೂ ಇಲ್ಲವಾ? ಹಾಗಾದರೆ ಬುಡದ ಸುತ್ತ, ಮುಖ್ಯವಾಗಿ ಕೆಳಬದಿಯಲ್ಲಿ, ಬೆರಳು ಆಡಿಸಿ. ಸಣ್ಣ ತೂತು ಸಿಕ್ಕರೆ ಅದು ಅಲೆನ್ ಸ್ಕ್ರೂ (ಆರು ಮೂಲೆಯ ಕೀ ಹಾಕಿ ತಿರುಗಿಸುವ ಸ್ಕ್ರೂ) ಇರುವ ಜಾಗ. ತೂತಿನಲ್ಲಿ ಕೊಳೆ ತುಂಬಿ ಮುಚ್ಚಿಹೋಗಿರುವುದೂ ಉಂಟು, ಆದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬಿ.

ಅದೂ ಇಲ್ಲ ಅಂದರೆ ಎರಡು ಕೈಯಿಂದ ಡೋರ್ ಪ್ಯಾಡ್ ಅನ್ನು, ಅಥವಾ ಹ್ಯಾಂಡಲ್ ಹಿಂದಿನ ದುಂಡು ಬಿಲ್ಲೆಯನ್ನು, ಬಾಗಿಲಿನ ಕಡೆಗೆ ಒತ್ತಿ. ಹ್ಯಾಂಡಲ್‌ಗೂ ಬಿಲ್ಲೆಗೂ ನಡುವೆ ಸಂದು ಬಿಡುತ್ತದೆ. ಆ ಸಂದಿನೊಳಗೆ ಟಾರ್ಚ್ ಬಿಡಿ. ಬುಡದ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋದ ಒಂದು ಪಿನ್ನಿನ ತುದಿ ಕಾಣಬಹುದು. ಇಲ್ಲವೇ ಬುಡದ ಹಿಂಬದಿಯಲ್ಲಿ ಕಪ್ಪಗಿನ ತೆಳು ಸ್ಪ್ರಿಂಗ್ ಕ್ಲಿಪ್ ಒಂದರ ಅಂಚು ಕಾಣಬಹುದು. ಅದೇ ಲಾಳದ ಆಕಾರದ ಕ್ಲಿಪ್.

ಅಂದಾಜಿಗೆ ಕೆಲವು ಉದಾಹರಣೆ. ಫೋರ್ಡ್ ಮಾಡೆಲ್ ಎ ಮತ್ತು ಅದರ ನಂತರದ 1930ರ ದಶಕದ ಫೋರ್ಡ್‌ಗಳಲ್ಲಿ ಪಿನ್. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ 1967ರ ಮಾಡೆಲ್‌ವರೆಗೂ ಪಿನ್, 1968ರ ಮಾಡೆಲ್‌ನಿಂದ ಮುಚ್ಚಳದ ಕೆಳಗೆ ಸ್ಕ್ರೂ. 1950 ಮತ್ತು 60ರ ದಶಕದ ಷೆವರ್ಲೆ ಹಾಗೂ ಜನರಲ್ ಮೋಟಾರ್ಸ್‌ನ ಬೇರೆ ಕಾರುಗಳಲ್ಲಿ ಲಾಳ ಕ್ಲಿಪ್ ಸಾಮಾನ್ಯ. ಟೊಯೋಟಾ, ಡಾಟ್ಸನ್‌ಗಳಲ್ಲಿ ತಂತಿಯಂತೆ ದುಂಡಗಿರುವ ಸ್ಪ್ರಿಂಗ್ ಕ್ಲಿಪ್. ಎಂಜಿಬಿ, ಮಿನಿಯಂಥ ಬ್ರಿಟಿಷ್ ಕಾರುಗಳಲ್ಲಿ ನಡುವೆ ಸ್ಕ್ರೂ. 1965ರ ಫೋರ್ಡ್ ಮಸ್ಟಾಂಗ್‌ನಲ್ಲಿ ಕ್ಲಿಪ್‌ನದೂ ಸಿಗುತ್ತದೆ, ಅಲೆನ್ ಸ್ಕ್ರೂನದೂ ಸಿಗುತ್ತದೆ.

ಈ ಪಟ್ಟಿಯನ್ನು ಪೂರ್ತಿ ನಂಬಿ ಕೂರಬೇಡಿ. ಐವತ್ತು ಅರವತ್ತು ವರ್ಷದಲ್ಲಿ ಕಾರು ಎಷ್ಟು ಕೈ ದಾಟಿದೆಯೋ ಯಾರಿಗೆ ಗೊತ್ತು. ಯಾರೋ ಒಬ್ಬರು ಎಡ ಬಾಗಿಲಿಗೆ ಬೇರೆ ಹ್ಯಾಂಡಲ್ ಹಾಕಿರಬಹುದು. ಕೆಲವು ಕಾರುಗಳಲ್ಲಿ ಕಿಟಕಿ ಹ್ಯಾಂಡಲ್ ಒಂದು ಥರ, ಬಾಗಿಲಿನ ಹ್ಯಾಂಡಲ್ ಇನ್ನೊಂದು ಥರ ಇರುತ್ತದೆ. ಹಾಗಾಗಿ ಪ್ರತಿ ಬಾಗಿಲಿನ ಪ್ರತಿ ಹ್ಯಾಂಡಲ್ ಅನ್ನೂ ಬೇರೆಯಾಗಿಯೇ ನೋಡಿ.

ಲಾಳ ಕ್ಲಿಪ್: ಬಟ್ಟೆಯೋ, ಕೊಕ್ಕೆಯೋ, ಟೂಲೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ತಲೆಬಿಸಿ ಇರುವುದೂ ಇಲ್ಲೇ.

ಮೊದಲು ಒಳಗೆ ಏನಿದೆ ಅಂತ ಅರ್ಥ ಮಾಡಿಕೊಳ್ಳೋಣ. ಗ್ಲಾಸ್ ಎತ್ತುವ ರೆಗ್ಯುಲೇಟರ್‌ನಿಂದ ಒಂದು ಶಾಫ್ಟ್ ಹೊರಗೆ ಬಂದಿರುತ್ತದೆ. ಅದರ ಸುತ್ತ ಸಣ್ಣ ಸಣ್ಣ ಹಲ್ಲು. ಹ್ಯಾಂಡಲ್ ಬುಡದ ಒಳಗೂ ಅಂಥದೇ ಹಲ್ಲು, ಎರಡೂ ಒಂದರೊಳಗೊಂದು ಕೂರುತ್ತವೆ. ಶಾಫ್ಟ್‌ನಲ್ಲಿ ಸುತ್ತಲೂ ಒಂದು ಕಚ್ಚು, ಬುಡದ ಎರಡು ಪಕ್ಕದಲ್ಲೂ ಸೀಳು. ಕ್ಲಿಪ್‌ನ ಎರಡು ಕಾಲು ಸೀಳಿನೊಳಗೆ ಹೋಗಿ ಶಾಫ್ಟ್‌ನ ಕಚ್ಚಿನಲ್ಲಿ ಕೂತಿರುತ್ತವೆ. ಅಂದರೆ ಹ್ಯಾಂಡಲ್ ಅನ್ನು ಮುಂದಕ್ಕೆ ಎಷ್ಟು ಎಳೆದರೂ ಕ್ಲಿಪ್ ಬಿಡುವುದಿಲ್ಲ. ಕ್ಲಿಪ್ ಅನ್ನು ಪಕ್ಕಕ್ಕೆ ಜಾರಿಸಿದರೆ ಮಾತ್ರ ಬಿಡುತ್ತದೆ. ಎಲ್ಲ ವಿಧಾನಗಳ ಕೆಲಸವೂ ಇದೊಂದೇ, ಕ್ಲಿಪ್ ಅನ್ನು ಪಕ್ಕಕ್ಕೆ ಜಾರಿಸುವುದು.

ಶುರು ಮಾಡುವ ಮೊದಲು ಗ್ಲಾಸ್ ಪೂರ್ತಿ ಮೇಲೇರಿಸಿ, ಹ್ಯಾಂಡಲ್‌ನ ತೋಳು ಯಾವ ಕಡೆ ತಿರುಗಿದೆ ಅಂತ ಒಂದು ಫೋಟೋ ತೆಗೆದುಕೊಳ್ಳಿ. ಕನ್ನಡಕ ಹಾಕಿಕೊಳ್ಳಿ. ಕ್ಲಿಪ್ ಸ್ಪ್ರಿಂಗ್ ಸ್ಟೀಲ್‌ನದು, ಬಿಟ್ಟ ತಕ್ಷಣ ಹಾರುತ್ತದೆ. ಹ್ಯಾಂಡಲ್ ಮೇಲೆ ಒಂದು ಟವೆಲ್ ಇಳಿಬಿಟ್ಟರೆ ಹಾರಿದ ಕ್ಲಿಪ್ ಅದರಲ್ಲೇ ಬೀಳುತ್ತದೆ. ಸೀಟಿನ ಕೆಳಗೆ ಹುಡುಕುವುದು ತಪ್ಪುತ್ತದೆ.

ಬಟ್ಟೆ ವಿಧಾನ ಎಲ್ಲಕ್ಕಿಂತ ಸರಳ. ತೆಳು ಹತ್ತಿ ಬಟ್ಟೆಯ ಉದ್ದನೆ ಪಟ್ಟಿ ಬೇಕು. ಅಂಚು ಸ್ವಲ್ಪ ಸವೆದು ನೂಲು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಪಟ್ಟಿಯನ್ನು ಹ್ಯಾಂಡಲ್‌ನ ಬುಡಕ್ಕೂ ಬಿಲ್ಲೆಗೂ ನಡುವೆ ತೂರಿಸಿ. ಕ್ಲಿಪ್‌ನ ತೆರೆದ ಕಾಲುಗಳು ಇರುವ ಕಡೆಯಿಂದ ಬಟ್ಟೆ ಬಳಸಿ ಬರಬೇಕು, ಎರಡು ತುದಿ ನಿಮ್ಮ ಕೈಯಲ್ಲಿರಬೇಕು. ಈಗ ಶೂ ಪಾಲಿಶ್ ಮಾಡುವ ಹಾಗೆ ಎಡಕ್ಕೆ ಬಲಕ್ಕೆ ಎಳೆಯುತ್ತ, ಜೊತೆಗೆ ಕ್ಲಿಪ್‌ನ ಬಾಗಿದ ತಲೆಯ ಕಡೆಗೆ ಬಿಗಿಯಾಗಿ ಜಗ್ಗಿ. ಬಟ್ಟೆಯ ನೂಲು ಕಾಲಿನ ತುದಿಗೆ ಸಿಕ್ಕಿಕೊಳ್ಳುತ್ತದೆ, ಕ್ಲಿಪ್ ಸ್ವಲ್ಪ ಸ್ವಲ್ಪ ಜಾರುತ್ತದೆ. ಕೊನೆಗೆ ಟಪ್ ಅಂತ ಬಿಡುತ್ತದೆ. ಮೊದಲ ಎಳೆತಕ್ಕೇ ಬರಲಿಲ್ಲ ಅಂತ ಬಿಡಬೇಡಿ. ಹ್ಯಾಂಡಲ್ ಅನ್ನು ಕಾಲು ಸುತ್ತು ತಿರುಗಿಸಿ, ಕೈಗೆ ಅನುಕೂಲವಾದ ಕೋನದಿಂದ ಮತ್ತೆ ಪ್ರಯತ್ನಿಸಿ.

ಇದನ್ನು ನಾಟಿ ಉಪಾಯ ಅಂದುಕೊಳ್ಳಬೇಡಿ. ಟೊಯೋಟಾ ಕಂಪನಿಯ ರಿಪೇರಿ ಮ್ಯಾನ್ಯುಯಲ್‌ಗಳೇ ಈ ಕ್ಲಿಪ್ ತೆಗೆಯಲು ಬಟ್ಟೆ ಬಳಸಲು ಹೇಳುತ್ತವೆ. ಜಪಾನಿ ಕಾರುಗಳ ದುಂಡು ತಂತಿ ಕ್ಲಿಪ್‌ಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕ್ರೋಮ್‌ಗೆ ಗೀರಿಲ್ಲ, ರೆಕ್ಸಿನ್‌ಗೆ ತಗ್ಗಿಲ್ಲ, ಖರ್ಚೂ ಇಲ್ಲ. ಅಮೆರಿಕನ್ ಕಾರುಗಳ ಚಪ್ಪಟೆ ಕ್ಲಿಪ್‌ನಲ್ಲಿ ಮಾತ್ರ ಇದು ಪ್ರತಿ ಸಲ ಗೆಲ್ಲುವುದಿಲ್ಲ. ಬಟ್ಟೆ ಅದರ ಮೇಲೆ ಜಾರಿಹೋಗುತ್ತದೆ. ಕ್ಲಿಪ್ ತುಕ್ಕು ಹಿಡಿದಿದ್ದರಂತೂ ಬಟ್ಟೆ ಹರಿಯುತ್ತದೆಯೇ ಹೊರತು ಕ್ಲಿಪ್ ಅಲುಗುವುದಿಲ್ಲ. ದಪ್ಪ ಟವೆಲ್ ಬಟ್ಟೆ ಬಳಸಿದರೂ ಕೆಲಸ ಆಗುವುದಿಲ್ಲ, ಅದು ಸಂದಿನೊಳಗೆ ಹೋಗುವುದೇ ಇಲ್ಲ.

ಇನ್ನೊಂದು ದಾರಿ ಕೊಕ್ಕೆ. ತುದಿ ಬಾಗಿಸಿದ ಗಟ್ಟಿ ತಂತಿ ಸಾಕು. ಪ್ಯಾಡ್ ಒತ್ತಿ ಹಿಡಿದು, ಕ್ಲಿಪ್‌ನ ಬಾಗಿದ ತಲೆಗೆ ಕೊಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯುವುದು. ಬಟ್ಟೆಗಿಂತ ನಿಖರ, ಯಾಕೆಂದರೆ ಎಲ್ಲಿ ಎಳೆಯುತ್ತಿದ್ದೀರಿ ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಮೂರು ಕೈ ಬೇಕಾಗುತ್ತದೆ: ಒಂದು ಪ್ಯಾಡ್ ಒತ್ತಲು, ಒಂದು ಟಾರ್ಚ್ ಹಿಡಿಯಲು, ಒಂದು ಕೊಕ್ಕೆಗೆ. ಜೊತೆಗೊಬ್ಬರು ಇದ್ದರೆ ಕೊಕ್ಕೆ ಒಳ್ಳೆಯದು, ಒಬ್ಬರೇ ಇದ್ದರೆ ಬಟ್ಟೆ. ಕೊಕ್ಕೆ ಜಾರಿದರೆ ಚೂಪು ತುದಿ ರೆಕ್ಸಿನ್ ಮೇಲೆ ಗೀರುತ್ತದೆ. ಅದಕ್ಕೆ ಬುಡದ ಸುತ್ತ ದಪ್ಪ ರಟ್ಟಿನ ತುಂಡು ಇಟ್ಟುಕೊಳ್ಳಿ.

ಇನ್ನು ಕ್ಲಿಪ್ ತೆಗೆಯಲೆಂದೇ ಮಾಡಿದ ಟೂಲ್. ಇದರಲ್ಲಿ ಎರಡು ಬಗೆ. ಒಂದು, ಚಪ್ಪಟೆ ತಗಡಿನದು. ತುದಿಯಲ್ಲಿ ಎರಡು ಕವಲು, ನಡುವೆ ಶಾಫ್ಟ್ ಕೂರುವಷ್ಟು ಖಾಲಿ ಜಾಗ. ಸಂದಿನೊಳಗೆ ತೂರಿಸಿ ತಳ್ಳಿದರೆ ಎರಡು ಕವಲೂ ಕ್ಲಿಪ್‌ನ ಎರಡು ಕಾಲಿಗೆ ಒಟ್ಟಿಗೇ ತಾಗುತ್ತವೆ. ಎರಡು ಬದಿಗೂ ಸಮನಾಗಿ ಒತ್ತಡ ಬೀಳುವುದರಿಂದ ಕ್ಲಿಪ್ ನೇರವಾಗಿ ಜಾರುತ್ತದೆ. ಬಟ್ಟೆ, ಕೊಕ್ಕೆಗಳಿಗಿಂತ ಇದು ಮೇಲಾಗುವುದು ಈ ಕಾರಣಕ್ಕೆ. ಆದರೆ ತಪ್ಪು ಬದಿಯಿಂದ ತೂರಿಸಿದರೆ ನೀವು ಕ್ಲಿಪ್ ಅನ್ನು ಇನ್ನಷ್ಟು ಒಳಕ್ಕೇ ತಳ್ಳುತ್ತಿರುತ್ತೀರಿ. ಅರ್ಧ ಗಂಟೆ ತಳ್ಳಿದರೂ ಬರುವುದಿಲ್ಲ. ತೆರೆದ ಕಾಲು ಯಾವ ಕಡೆ ಇದೆ ಅಂತ ಟಾರ್ಚ್‌ನಲ್ಲಿ ನೋಡಿಯೇ ತೂರಿಸಿ. ಹಿಂದೆ ಯಾರೋ ಬಿಚ್ಚಿ ಹಾಕಿದ ಹ್ಯಾಂಡಲ್ ಆಗಿದ್ದರೆ ಕ್ಲಿಪ್ ಉಲ್ಟಾ ಇರುವುದೂ ಉಂಟು.

ಇನ್ನೊಂದು ಬಗೆ ಇಕ್ಕಳದ ಹಾಗಿರುವುದು. ಹಿಡಿ ಒತ್ತಿದರೆ ಒಂದು ದವಡೆ ಬುಡಕ್ಕೆ ಆತುಕೊಂಡು, ಇನ್ನೊಂದು ಕ್ಲಿಪ್ ಅನ್ನು ತಳ್ಳುತ್ತದೆ. ಬಲ ಜಾಸ್ತಿ, ಜಾರುವ ಭಯ ಕಡಿಮೆ. ತುಕ್ಕಿಗೆ ಅಂಟಿಕೊಂಡ ಕ್ಲಿಪ್‌ಗೆ ಇದೇ ಸರಿ. ತೊಂದರೆ ಅಂದರೆ ದಪ್ಪ. ಹೊಸ ಫೋಮ್ ಹಾಕಿಸಿದ ಪ್ಯಾಡ್ ಇದ್ದರೆ ಅಷ್ಟು ಸಂದು ಮಾಡಿಕೊಳ್ಳುವುದೇ ಕಷ್ಟ.

ನನ್ನ ಕ್ರಮ ಹೀಗೆ. ಜಪಾನಿ ಕಾರು ಅಂದರೆ ಬಟ್ಟೆ, ಬೇರೆ ಯೋಚನೆಯೇ ಬೇಡ. ಅಮೆರಿಕನ್ ಕಾರಾದರೆ ಬಟ್ಟೆಯಿಂದ ಎರಡು ಮೂರು ಸಲ ನೋಡಿ, ಬರದಿದ್ದರೆ ಚಪ್ಪಟೆ ಟೂಲ್. ನಾಲ್ಕೂ ಬಾಗಿಲು ಬಿಚ್ಚುವ ಕೆಲಸ ಇದ್ದರೆ, ಅಥವಾ ಕ್ವಾರ್ಟರ್ ಗ್ಲಾಸ್‌ಗೂ (ದೊಡ್ಡ ಕಿಟಕಿಯ ಪಕ್ಕದ ಸಣ್ಣ ಗ್ಲಾಸ್) ಸಣ್ಣ ಹ್ಯಾಂಡಲ್ ಇದ್ದರೆ, ಚಪ್ಪಟೆ ಟೂಲ್ ಮೊದಲೇ ತಂದಿಟ್ಟುಕೊಳ್ಳುವುದು ವಾಸಿ. ಇಕ್ಕಳದ ಟೂಲ್ ಅನ್ನು ಇವೆಲ್ಲ ಸೋತ ಮೇಲೆ ತಂದರೆ ಸಾಕು.

ಪಿನ್ ಇರುವ ಹ್ಯಾಂಡಲ್

ಇಲ್ಲಿ ಬಿಲ್ಲೆಯ ಹಿಂದೆ, ಪ್ಯಾಡ್‌ನ ಒಳಗೆ, ಒಂದು ಸ್ಪ್ರಿಂಗ್ ಇರುತ್ತದೆ. ಅದು ಬಿಲ್ಲೆಯನ್ನು ಹೊರಕ್ಕೆ ತಳ್ಳಿ ಪಿನ್ ಅನ್ನು ಮುಚ್ಚಿ ಹಿಡಿಯುತ್ತದೆ. ಪಿನ್ ತಾನಾಗಿ ಬೀಳದೆ ಇರುವುದೇ ಆ ಬಿಲ್ಲೆಯಿಂದ. ಬಿಲ್ಲೆ ಒಳಕ್ಕೆ ಒತ್ತಿದರೆ ಪಿನ್ ಕಾಣುತ್ತದೆ, ಪಿನ್‌ಗಿಂತ ಸ್ವಲ್ಪ ಸಣ್ಣಗಿನ ಪಂಚ್ (ಪಿನ್ ತಳ್ಳುವ ಉಕ್ಕಿನ ಕಡ್ಡಿ) ಇಟ್ಟು ತಳ್ಳಿದರೆ ಇನ್ನೊಂದು ಬದಿಯಿಂದ ಹೊರಬರುತ್ತದೆ. ಹೇಳಲು ಇಷ್ಟೇ. ಆದರೆ ಸ್ಪ್ರಿಂಗ್ ಒತ್ತಿ ಹಿಡಿಯಲೇ ಎರಡು ಕೈ ಬೇಕು.

ಇದಕ್ಕೂ ಟೂಲ್ ಸಿಗುತ್ತದೆ, ಬಿಲ್ಲೆ ಒತ್ತಿಕೊಂಡು ಪಿನ್ ತಳ್ಳುವಂಥದ್ದು. ಅದಿಲ್ಲದೆಯೂ ಆಗುತ್ತದೆ. ತೆಳು ಹಲಗೆ ತುಂಡಿನಲ್ಲಿ ಹ್ಯಾಂಡಲ್ ಬುಡ ಕೂರುವಷ್ಟು ಅಗಲದ ಸೀಳು ಮಾಡಿ, ಅದರಿಂದ ಬಿಲ್ಲೆ ಒತ್ತಿ ಹಿಡಿಯಿರಿ. ಮರ ಆದ್ದರಿಂದ ಕ್ರೋಮ್‌ಗೆ ಏನೂ ಆಗುವುದಿಲ್ಲ. ನನಗೆ ಕೊಂಡ ಟೂಲ್‌ಗಿಂತ ಈ ಹಲಗೆಯೇ ಇಷ್ಟ.

ಪಿನ್ ತುಕ್ಕು ಹಿಡಿದಿದ್ದರೆ ಸುತ್ತಿಗೆ ಎತ್ತಬೇಡಿ. ಏಟು ಪಿನ್‌ನಲ್ಲಿ ನಿಲ್ಲುವುದಿಲ್ಲ, ಶಾಫ್ಟ್ ಮೂಲಕ ರೆಗ್ಯುಲೇಟರ್‌ಗೆ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಎಣ್ಣೆ ಪ್ಯಾಡ್‌ನ ಬಟ್ಟೆಗೆ ಇಳಿದರೆ ಕಲೆ ಹೋಗುವುದಿಲ್ಲ, ಆದ್ದರಿಂದ ಸ್ಪ್ರೇ ಬೇಡ, ಕಡ್ಡಿ ತುದಿಯಿಂದ ಹಚ್ಚಿ. ಮಾರನೆಯ ದಿನ ಪಂಚ್‌ನಿಂದ ಮೆಲ್ಲಗೆ ತಟ್ಟುವುದೇ ಆದರೆ, ಇನ್ನೊಬ್ಬರು ಎದುರು ಬದಿಯಿಂದ ಬುಡಕ್ಕೆ ಮರದ ತುಂಡು ಆನಿಸಿ ಹಿಡಿದಿರಲಿ. ಒಂದು ಬದಿಯಿಂದ ಬರದಿದ್ದರೆ ಇನ್ನೊಂದು ಬದಿಯಿಂದ ನೋಡಿ.

ಸ್ಕ್ರೂ ಇದ್ದರೆ

ಇದು ಸುಲಭ, ಆದರೆ ತಪ್ಪು ಅಳತೆಯ ಟೂಲ್ ಹಾಕಿ ಕೆಡಿಸಿಕೊಳ್ಳುವುದೂ ಅಷ್ಟೇ ಸುಲಭ. ಅಮೆರಿಕನ್ ಕಾರಿನ ಅಲೆನ್ ಸ್ಕ್ರೂಗಳು ಇಂಚಿನ ಅಳತೆಯವು. 1/8 ಇಂಚು ಅಂದರೆ ಸುಮಾರು 3.18 ಮಿ.ಮೀ. ಅದಕ್ಕೆ 3 ಮಿ.ಮೀ. ಕೀ ಹಾಕಿದರೆ ಸಡಿಲ. ಒಂದು ಸಲ ಜಾರಿದರೆ ಒಳಗಿನ ಆರು ಮೂಲೆಯೂ ಸವೆದು ದುಂಡಗಾಗುತ್ತವೆ, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ. ಕೀ ಹಾಕುವ ಮೊದಲು ತೂತಿನ ಕೊಳೆಯನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಕೀ ತಳದವರೆಗೂ ಹೋಗಬೇಕು. ಸ್ಕ್ರೂ ಪೂರ್ತಿ ತೆಗೆಯುವ ಅಗತ್ಯ ಇಲ್ಲ, ಕೆಲವು ಸುತ್ತು ಸಡಿಲಿಸಿದರೆ ಹ್ಯಾಂಡಲ್ ಬರುತ್ತದೆ.

ನಡುವೆ ಸ್ಕ್ರೂ ಇರುವ ಕಾರುಗಳಲ್ಲಿ ಮುಚ್ಚಳವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಬೀಟಲ್‌ನ ಮುಚ್ಚಳ ಹಳತಾದಷ್ಟೂ ಬೇಗ ಬಿರುಕು ಬಿಡುತ್ತದೆ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಒಳ್ಳೆಯದು. ಸ್ಕ್ರೂ ತಲೆಯನ್ನೂ ಗಮನಿಸಿ. ಬ್ರಿಟಿಷ್ ಕಾರುಗಳಲ್ಲಿ ಪೊಜಿಡ್ರಿವ್ ಇರಬಹುದು. ಕೂಡು ಗುರುತಿನ ನಾಲ್ಕು ತೋಳುಗಳ ನಡುವೆ ಸಣ್ಣ ಗೆರೆಗಳಿದ್ದರೆ ಅದು ಪೊಜಿಡ್ರಿವ್. ಅದಕ್ಕೆ ಮಾಮೂಲಿ ಫಿಲಿಪ್ಸ್ ಹಾಕಿದರೆ ಜಾರುತ್ತದೆ.

ಕ್ಲಿಪ್ ಬಂತು, ಹ್ಯಾಂಡಲ್ ಬರಲಿಲ್ಲ

ಹೀಗೂ ಆಗುತ್ತದೆ. ಸ್ಟೀಲ್ ಶಾಫ್ಟ್ ಮೇಲೆ ಸತುವಿನ ಹ್ಯಾಂಡಲ್ ವರ್ಷಗಟ್ಟಲೆ ಕೂತು ಹಲ್ಲುಗಳ ನಡುವೆ ಬಿಳಿ ಪುಡಿ ಕಟ್ಟಿರುತ್ತದೆ. ಒಂದೇ ಬದಿಯಿಂದ ಮೀಟಿದರೆ ಬುಡ ಮುರಿಯುತ್ತದೆ. ಎಣ್ಣೆ ಬಿಟ್ಟು, ಕಾಯ್ದು, ಎರಡೂ ಎದುರುಬದುರು ಬದಿಯಲ್ಲಿ ಮರದ ತೆಳು ಬೆಣೆ ಇಟ್ಟು ಸಮನಾಗಿ ಒತ್ತಿ. ನಡುನಡುವೆ ಹ್ಯಾಂಡಲ್ ಅನ್ನು ತಿರುಗಿಸುವ ದಿಕ್ಕಿನಲ್ಲಿ ಹಿಂದೆ ಮುಂದೆ ಅಲುಗಿಸಿ. ಅದಕ್ಕೂ ಜಗ್ಗದಿದ್ದರೆ ಸಣ್ಣ ಪುಲ್ಲರ್ (ಶಾಫ್ಟ್‌ನಿಂದ ನೇರವಾಗಿ ಎಳೆದು ತೆಗೆಯುವ ಟೂಲ್) ಹಾಕಿ. ಬೆಂಕಿ ಮಾತ್ರ ತೋರಿಸಬೇಡಿ. ಕ್ರೋಮ್ ಹೋಗುತ್ತದೆ, ಪಕ್ಕದ ರೆಕ್ಸಿನ್ ಕರಗುತ್ತದೆ, ಸತುವಿನ ಮಿಶ್ರಲೋಹವೇ 400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ.

ಹೊರಗಿನ ಹ್ಯಾಂಡಲ್: ಬಿಚ್ಚಬೇಕಾ, ಟೇಪ್ ಸುತ್ತಿದರೆ ಸಾಕಾ?

ಪೇಂಟ್ ಮಾಡುವಾಗ ಬರುವ ಪ್ರಶ್ನೆ ಇದು. ಪೂರ್ತಿ ಕಾರಿಗೆ ಪೇಂಟ್ ಆದರೆ ಬಿಚ್ಚಿ. ಟೇಪ್ ಸುತ್ತಿದರೆ ಹ್ಯಾಂಡಲ್ ಕೆಳಗಿನ ರಬ್ಬರ್ ಅಂಚಿನಲ್ಲಿ ಪೇಂಟ್ ಗೆರೆ ಕಟ್ಟುತ್ತದೆ, ಮುಂದೊಂದು ದಿನ ಅಲ್ಲಿಂದಲೇ ಏಳಲು ಶುರುವಾಗುತ್ತದೆ. ರಬ್ಬರ್ ಕೆಳಗೆ ತುಕ್ಕು ಇದೆಯೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ. ಬಾಗಿಲಿನ ಕೆಳಭಾಗದಲ್ಲಿ ಅಂಗೈಯಗಲ ಟಚಪ್ ಅಷ್ಟೇ ಆದರೆ ಬಿಚ್ಚುವುದು ಸುಮ್ನೆ ಶ್ರಮ. ಬಿಚ್ಚುವುದಾದರೆ ಒಳಗಿನ ಪ್ಯಾಡ್ ತೆಗೆದು, ಗ್ಲಾಸ್ ಪೂರ್ತಿ ಮೇಲೇರಿಸಿ ಕೈ ಹಾಕಿ. ಎಷ್ಟೋ ಕಾರುಗಳಲ್ಲಿ ಒಂದು ಸ್ಕ್ರೂ ಬಾಗಿಲಿನ ಅಂಚಿನಲ್ಲಿ, ರಬ್ಬರ್ ಬೀಡಿಂಗ್ ಕೆಳಗೆ ಅಡಗಿರುತ್ತದೆ. ಇನ್ನೊಂದು ಒಳಗಿರುತ್ತದೆ.

ಮತ್ತೆ ಹಾಕುವಾಗ

ಲಾಳ ಕ್ಲಿಪ್ ಅನ್ನು ಮೊದಲು ಹ್ಯಾಂಡಲ್‌ನ ಸೀಳಿಗೆ ಕೂರಿಸಿ, ಆಮೇಲೆ ಹ್ಯಾಂಡಲ್ ಅನ್ನು ಶಾಫ್ಟ್‌ಗೆ ಒತ್ತಿ. ಅಂಗೈಯಿಂದ ನೇರವಾಗಿ ಒತ್ತಿದರೆ ಕ್ಲಿಕ್ ಅಂತ ಕೂರುತ್ತದೆ. ಕೂತ ಮೇಲೆ ಒಂದು ಸಲ ಎಳೆದು ನೋಡಿ. ಕಾಲು ಅಗಲವಾದ ಕ್ಲಿಪ್ ಅನ್ನು ಮತ್ತೆ ಬಳಸಬೇಡಿ, ಹೊಸದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ. ಹ್ಯಾಂಡಲ್ ಹಿಂದಿನ ಪ್ಲಾಸ್ಟಿಕ್ ಬಿಲ್ಲೆ ಮರೆತರೆ ಹ್ಯಾಂಡಲ್ ರೆಕ್ಸಿನ್ ಮೇಲೇ ಉಜ್ಜುತ್ತ ತಿರುಗುತ್ತದೆ. ಪಿನ್ ಇರುವ ಕಾರಿನಲ್ಲಿ ಪ್ಯಾಡ್ ಹಿಂದಿನ ಸ್ಪ್ರಿಂಗ್ ಮರೆತರೆ ಪಿನ್ ಒಂದು ದಿನ ಬಿದ್ದೇಹೋಗುತ್ತದೆ.

ಎಷ್ಟು ಒತ್ತಿದರೂ ಕ್ಲಿಕ್ ಆಗುತ್ತಿಲ್ಲ ಅಂದರೆ ಹೊಸ ಪ್ಯಾಡ್‌ನ ಫೋಮ್ ದಪ್ಪ ಆಗಿರಬಹುದು. ಶಾಫ್ಟ್‌ನ ಕಚ್ಚಿನವರೆಗೆ ಹ್ಯಾಂಡಲ್ ತಲುಪುತ್ತಿರುವುದಿಲ್ಲ. ಸುತ್ತಿಗೆಯಿಂದ ಬಡಿಯುವ ಬದಲು ಪ್ಯಾಡ್ ಹೊರತೆಗೆದು ಶಾಫ್ಟ್ ಸುತ್ತಲಿನ ಫೋಮ್ ಅನ್ನು ಮಾತ್ರ ದುಂಡಗೆ ಕತ್ತರಿಸಿ.

ಕೆಲಸದ ನಡುವೆ ಗ್ಲಾಸ್ ಇಳಿಸಬೇಕಾದರೆ ಹ್ಯಾಂಡಲ್ ಅನ್ನು ಕ್ಲಿಪ್ ಇಲ್ಲದೆ ಸುಮ್ನೆ ಶಾಫ್ಟ್‌ಗೆ ಸಿಕ್ಕಿಸಿ ತಿರುಗಿಸಬಹುದು. ಆದರೆ ಒಳಗಿನ ಡೋರ್ ಹ್ಯಾಂಡಲ್ ಹಾಕಿ, ಅದು ಲಾಕ್ ಅನ್ನು ಬಿಡಿಸುತ್ತದೆ ಅಂತ ಬಾಗಿಲು ತೆರೆದಿರುವಾಗಲೇ ಪರೀಕ್ಷಿಸುವವರೆಗೆ, ಒಳಗೆ ಕೂತು ಬಾಗಿಲು ಹಾಕಿಕೊಳ್ಳಬೇಡಿ.